ಕೋಟೆ ಹಿಂದೆ ಗಾಳಿ ಫ್ಯಾನು: ಅಳಿಸಬೇಕಿತ್ತಾ, ಬೇಡವಾ?

ಮೊದಲನೇ_ಶೋ: ನಮ್ಮ ದಾವಣಗೆರೆ ಹುಡುಗರು ಪಾಳೇಗಾರರ ಕಾಲದ ಕಿರುಚಿತ್ರ ಮಾಡಿದ್ದಾರೆ. ಶೂಟಿಂಗ್ ಚಿತ್ರದುರ್ಗದ ಕೋಟೆಯಲ್ಲಿ. ಸೈನಿಕ ಆವೇಶದಿಂದ ಕತ್ತಿ ಎತ್ತುತ್ತಾನೆ, ಅವನ ಹಿಂದೆ ಗುಡ್ಡದ ಮೇಲೆ ಕರೆಂಟ್ ತಯಾರಿಸುವ ಗಾಳಿ ಫ್ಯಾನು ತಣ್ಣಗೆ ತಿರುಗುತ್ತಿದೆ! ಹಾಲ್‌ನಲ್ಲಿ ಎಲ್ಲರೂ ನಕ್ಕರು. ಕಂಪ್ಯೂಟರ್‌ನಲ್ಲಿ ಅಳಿಸುವುದಕ್ಕೆ ಏನಾಗಿತ್ತು ಇವರಿಗೆ?

ದುರ್ಗದ_ಹುಲಿ: ಅಳಿಸುವುದು ಯಾಕೆ? ಕ್ಯಾಮೆರಾ ಸ್ವಲ್ಪ ಕೆಳಗಿಟ್ಟು ಮೇಲಕ್ಕೆ ತಿರುಗಿಸಿದ್ದರೆ ಬುರುಜು ಅಡ್ಡ ಬಂದು ಫ್ಯಾನು ಮರೆಯಾಗುತ್ತಿತ್ತು. 1972ರ ‘ನಾಗರಹಾವು’ ಇದೇ ಕೋಟೆಯಲ್ಲಿ ತೆಗೆದಿದ್ದು. ಆಗ ಯಾವ ಕಂಪ್ಯೂಟರ್ ಇತ್ತು?

ರೆಂಡರ್_ರಾಜ: "ಯಾವ ಕಂಪ್ಯೂಟರ್ ಇತ್ತು" ಅಂತೀರಲ್ಲ, ಆಗ ಗುಡ್ಡದ ಮೇಲೆ ಫ್ಯಾನೂ ಇರಲಿಲ್ಲ ಸ್ವಾಮಿ. ಕ್ಯಾಮೆರಾ ಅಲುಗದ ಶಾಟ್ ಆದರೆ ಸುಲಭ. ಖಾಲಿ ಆಕಾಶದ ಒಂದು ತುಂಡು ತಂದು ಫ್ಯಾನಿನ ಮೇಲೆ ಮೆತ್ತಿದರೆ ಮುಗಿಯಿತು. ಕ್ಯಾಮೆರಾ ಓಡಾಡಿದರೆ ಆ ತುಂಡನ್ನೂ ಜೊತೆಗೇ ಓಡಿಸಬೇಕು, ಅದಕ್ಕೇ ಟ್ರ್ಯಾಕಿಂಗ್. ಕತ್ತಿ ಅಡ್ಡ ಬಂತೋ, ಒಂದೊಂದು ಫ್ರೇಮ್‌ನಲ್ಲೂ ಅದರ ಅಂಚು ಬಿಡಿಸುತ್ತಾ ಕೂರಬೇಕು. ಸೆಕೆಂಡಿಗೆ 24 ಫ್ರೇಮು. ಲೆಕ್ಕ ಹಾಕಿಕೊಳ್ಳಿ.

ದುರ್ಗದ_ಹುಲಿ: "ಮೆತ್ತಿದರೆ ಮುಗಿಯಿತು"! ನೀವೇ ಒಪ್ಪಿಕೊಂಡಿರಿ, ತೇಪೆ ಕೆಲಸ ಅಂತ. ರೀಲಿನ ಕಾಲದಲ್ಲಿ ಡಬಲ್ ರೋಲ್ ಹೇಗೆ ತೆಗೆಯುತ್ತಿದ್ದರು ಗೊತ್ತಾ? ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ ಶೂಟ್. ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ಶೂಟ್. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಮಧ್ಯೆ ಗೆರೆ ಬೀಳುತ್ತಿತ್ತು. ಅದು ಕಲೆ. ಮಳೆ ಸೀನ್ ಇದ್ದರೆ ನೀರಿಗೆ ಹಾಲು ಬೆರೆಸಿ ಹನಿ ಕಾಣುವ ಹಾಗೆ ಮಾಡುತ್ತಿದ್ದರು.

ಲೈಟ್_ಮಾವ: ಹಾಲಾ? ಯಾರು ಹೇಳಿದ್ದು? ನೀರು ಗಾಜಿದ್ದ ಹಾಗೆ. ಎದುರಿನಿಂದ ಲೈಟ್ ಬಿಟ್ಟರೆ ಕಾಣುವುದೇ ಇಲ್ಲ. ಹಿಂದಿನಿಂದ ಬಿಡಿ, ಹಿನ್ನೆಲೆ ಕತ್ತಲು ಮಾಡಿ, ಒಂದೊಂದು ಹನಿಯೂ ಹೊಳೆಯುತ್ತದೆ.

ದುರ್ಗದ_ಹುಲಿ: "ಯಾರು ಹೇಳಿದ್ದು" ಅಂದರೆ? ನಮ್ಮ ದೊಡ್ಡಪ್ಪ. ಕಣ್ಣಾರೆ ಶೂಟಿಂಗ್ ನೋಡಿದವರು.

ಲೈಟ್_ಮಾವ: ಅವರು ಶೂಟಿಂಗ್ ನೋಡಿದ್ದಾ, ಹಾಲು ಹಾಕಿದ್ದು ನೋಡಿದ್ದಾ? ಒಂದು ಟ್ಯಾಂಕರ್ ನೀರು ಬೆಳ್ಳಗಾಗುವುದಕ್ಕೆ ಎಷ್ಟು ಕ್ಯಾನ್ ಹಾಲು ಬೇಕು ಅಂದುಕೊಂಡಿದ್ದೀರಿ? ಬಿಸಿಲಿಗೆ ಅದು ಹುಳಿ ನಾತ ಹೊಡೆಯುತ್ತದೆ. ನಿರ್ಮಾಪಕರು ಬಿಡುತ್ತಾರಾ?

ಬೆಣ್ಣೆದೋಸೆ_ಬ್ರದರ್: ದುರ್ಗದಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತಾರೆ, ಇವರು ಅದಕ್ಕೆ ಹಾಲು ಸುರಿಯುತ್ತಾರಂತೆ 😂

ದುರ್ಗದ_ಹುಲಿ: ದುರ್ಗದ ನೀರಿನ ಸುದ್ದಿ ನಿಮಗೆ ಬೇಡ. 1997ರವರೆಗೆ ದಾವಣಗೆರೆಯವರಾದ ನೀವೂ ನಮ್ಮ ಜಿಲ್ಲೆಯವರೇ, ನೆನಪಿರಲಿ!!

ಮೊದಲನೇ_ಶೋ: ಅಣ್ಣಂದಿರಾ, ನಾನು ಕೇಳಿದ್ದು ಫ್ಯಾನಿನ ವಿಷಯ...

ರೆಂಡರ್_ರಾಜ: "ಅದು ಕಲೆ" ಅಂದಿರಿ. ಹಾಗಾದರೆ 1993ರ ‘ಜುರಾಸಿಕ್ ಪಾರ್ಕ್’ ಏನು? ಕಂಪ್ಯೂಟರ್ ಇಲ್ಲದಿದ್ದರೆ ಡೈನೋಸಾರ್ ಹಿಂಡು ಓಡುವುದನ್ನು ತೋರಿಸೋಕೆ ಆಗುತ್ತಿತ್ತಾ?

ಲೈಟ್_ಮಾವ: ಆ ಚಿತ್ರದಲ್ಲಿ ಡೈನೋಸಾರ್ ಕಾಣುವುದೇ ಸುಮಾರು 15 ನಿಮಿಷ. ಕಂಪ್ಯೂಟರಿನ ಪಾಲು 6 ನಿಮಿಷದ ಆಸುಪಾಸು. ಮಿಕ್ಕಿದ್ದೆಲ್ಲಾ ಸ್ಟ್ಯಾನ್ ವಿನ್‌ಸ್ಟನ್ ತಂಡದ ಯಂತ್ರದ ಗೊಂಬೆಗಳು. ಮಳೆ ಸೀನಿನಲ್ಲಿ ಟಿ-ರೆಕ್ಸ್ ಗೊಂಬೆಯ ರಬ್ಬರ್ ಚರ್ಮ ನೀರು ಹೀರಿ ಭಾರವಾಗಿ ಗಡಗಡ ನಡುಗುತ್ತಿತ್ತು. ಒರೆಸಿ ಒಣಗಿಸಿ ಮತ್ತೆ ನಿಲ್ಲಿಸುತ್ತಿದ್ದರು.

ದುರ್ಗದ_ಹುಲಿ: ನೋಡಿದಿರಾ, "ಮಿಕ್ಕಿದ್ದೆಲ್ಲಾ ಗೊಂಬೆಗಳು"! ಕೊನೆಗೆ ಕೈಕೆಲಸವೇ ಗೆದ್ದಿದ್ದು.

ರೆಂಡರ್_ರಾಜ: "ಗಡಗಡ ನಡುಗುತ್ತಿತ್ತು" ಅಂತಲೂ ಬರೆದಿದ್ದಾರೆ. ಅದು ಕಣ್ಣಿಗೆ ಬೀಳಲಿಲ್ಲವಾ? ಕಂಪ್ಯೂಟರ್ ಡೈನೋಸಾರ್‌ಗೆ ಚಳಿ ಆಗುವುದಿಲ್ಲ.

ಲೈಟ್_ಮಾವ: ನೀವಿಬ್ಬರೂ ನನ್ನ ಮಾತನ್ನೇ ಹಿಡಿದುಕೊಂಡು ಜಗಳ ಆಡುತ್ತಿದ್ದೀರಿ. ಅಲ್ಲಿನ ಮಳೆಗೂ ಹಾಲು ಹಾಕಿದ್ದರು ಅಂತೀರಾ ಹುಲಿ ಅವರೇ?

ದುರ್ಗದ_ಹುಲಿ: ಹಾಕಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಲೈಟ್_ಮಾವ: ಆಯ್ತು. ಭಾನುವಾರ ಕತ್ತಲಾದ ಮೇಲೆ ನಮ್ಮ ಅಡಿಕೆ ತೋಟಕ್ಕೆ ಬನ್ನಿ. ಔಷಧಿ ಹೊಡೆಯುವ ಕ್ಯಾನು ತೊಳೆದಿಟ್ಟಿರುತ್ತೇನೆ. ಒಂದು ಸಲ ಬರೀ ನೀರು, ಹಿಂದೆ ಲೈಟ್. ಇನ್ನೊಂದು ಸಲ ಹಾಲು ಬೆರೆಸಿದ ನೀರು, ಎದುರಿನಿಂದ ಲೈಟ್. ಫೋನಿನಲ್ಲಿ ತೆಗೆದು ಇಲ್ಲೇ ಹಾಕೋಣ.

ದುರ್ಗದ_ಹುಲಿ: ಬರುತ್ತೇನೆ. ಹಾಲಿನ ದುಡ್ಡು ಯಾರು ಕೊಡುತ್ತಾರೆ?

ಬೆಣ್ಣೆದೋಸೆ_ಬ್ರದರ್: ದೊಡ್ಡಪ್ಪನ್ನ ಕೇಳಿ.