ಇಂಜೆಕ್ಷನ್ ಅರ್ಧಂಬರ್ಧ ಕೆಲಸ ಮಾಡಿದಾಗ ಏನು ಮಾಡಿದಿರಿ?

ಕೇಳಿದವರು, ವಿಜಯನಗರ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲು ಊದಿ ನೋಯುವ ಕಾಯಿಲೆ. ಬರೀ ಮೆಥೊಟ್ರೆಕ್ಸೇಟ್ ಮಾತ್ರೆ ಸಾಲಲಿಲ್ಲ ಅಂತ ಡಾಕ್ಟರ್ ಜೊತೆಗೆ ಅಡಾಲಿಮುಮ್ಯಾಬ್ ಶುರು ಮಾಡಿದರು. ಎರಡು ವಾರಕ್ಕೊಂದು ಇಂಜೆಕ್ಷನ್. ಐದಾರು ತಿಂಗಳಾಗುತ್ತ ಬಂತು. ಬೆರಳಿನ ಊತ ಇಳಿದಿದೆ, ಬಿಚ್ಚಿಟ್ಟಿದ್ದ ಉಂಗುರ ಮತ್ತೆ ಹಾಕಿಕೊಂಡಿದ್ದೇನೆ. ಆದರೆ ಬಲಗೈ ಮಣಿಕಟ್ಟಿನ ನೋವು ಹಾಗೇ ಇದೆ. ಮುದ್ದೆ ತಿರುವುವುದಕ್ಕೇ ಆಗುವುದಿಲ್ಲ. ಮುಂದಿನ ಇಂಜೆಕ್ಷನ್ ಹತ್ತಿರ ಬಂದಂತೆ ಬೆಳಿಗ್ಗೆ ಎದ್ದಾಗ ಕೈಕಾಲು ಬಿಗಿದಿರುತ್ತದೆ. ಸುಸ್ತಂತೂ ಕೇಳಬೇಡಿ. ರಕ್ತದ ರಿಪೋರ್ಟ್ ಮಾತ್ರ ಚೆನ್ನಾಗಿದೆ. "ಇಷ್ಟು ದುಡ್ಡು ಸುರಿದು ಅರ್ಧ ಗುಣ ಆದರೆ ಏನು ಬಂತು, ನಿಲ್ಲಿಸಿಬಿಡು" ಅಂತಾರೆ ಅತ್ತೆ. ಔಷಧಿ ಬದಲಿಸುವುದಾ ನೋಡೋಣ ಅಂತಾರೆ ಡಾಕ್ಟರ್. ಹೀಗೆ ಆದವರು ಇದ್ದರೆ ಹೇಳಿ.

ಬಸವನಗುಡಿಯಿಂದ

ಮೇಡಂ, ನಿಮ್ಮ ಪಾಡಿಗೆ ನೀವೇ ನಿಲ್ಲಿಸಬೇಡಿ. ಬದಲಿಸುವುದಕ್ಕೂ ಆತುರ ಬೇಡ. ಮೊದಲು ಉಳಿದಿರುವ ನೋವು ಯಾವುದರದ್ದು ಅಂತ ಪತ್ತೆ ಮಾಡಿಸಿ. ನೀವು ಮೂರು ತೊಂದರೆ ಹೇಳಿದ್ದೀರಿ. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತೇನಿಲ್ಲ.

ಈ ಇಂಜೆಕ್ಷನ್ ಟಿಎನ್‌ಎಫ್ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಅದರಿಂದ ಉರಿಯೂತ ಇಳಿಯುತ್ತದೆ, ಕೀಲು ಮುಂದೆ ಹಾಳಾಗುವುದು ಕಡಿಮೆಯಾಗುತ್ತದೆ. ಆಗಲೇ ಸವೆದುಹೋದ ಕೀಲನ್ನು ಅದು ವಾಪಸ್ ಕಟ್ಟಿಕೊಡುವುದಿಲ್ಲ. ಇದನ್ನು ನನಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ. ನನ್ನ ಎಡ ಮಣಿಕಟ್ಟೂ ನಿಮ್ಮದರಂತೆಯೇ ಇತ್ತು. ಡಾಕ್ಟರ್ ಡಾಪ್ಲರ್ (ರಕ್ತದ ಹರಿವು ತೋರಿಸುವ ವಿಧಾನ) ಹಾಕಿ ಅಲ್ಟ್ರಾಸೌಂಡ್ ಮಾಡಿಸಿದರು. ಉರಿಯೂತ ಇರುವ ಜಾಗದಲ್ಲಿ ಪರದೆಯ ಮೇಲೆ ಕೆಂಪು ಚುಕ್ಕೆಗಳು ಮಿನುಗುತ್ತವೆ. ಬಲಗಾಲಿನ ಬೆರಳ ಬುಡದಲ್ಲಿ ಮಿನುಗಿತು, ಮಣಿಕಟ್ಟಿನಲ್ಲಿ ಒಂದೂ ಇಲ್ಲ. ನಾನು ಅತ್ತು ಕರೆಯುತ್ತಿದ್ದದ್ದು ಮಣಿಕಟ್ಟಿಗೆ. ಅಲ್ಲಿ ಇದ್ದದ್ದು ಹಳೇ ಸವೆತ, ಬಯೋಲಾಜಿಕ್ (ಜೀವಕೋಶಗಳಿಂದ ತಯಾರಿಸುವ ಈ ಬಗೆಯ ಇಂಜೆಕ್ಷನ್) ಶುರುವಾಗುವ ಮೊದಲೇ ಆದದ್ದು. ಅದಕ್ಕೆ ಎಷ್ಟು ಇಂಜೆಕ್ಷನ್ ಬದಲಿಸಿದ್ದರೂ ಅಷ್ಟೇ. ಕಾಲಿನದು ಮಾತ್ರ ನಿಜವಾಗಿ ಚುರುಕಾಗಿದ್ದ ಕಾಯಿಲೆ.

ಅದಕ್ಕೇ ಹೇಳುವುದು, ಡಾಕ್ಟರ್ ಹತ್ತಿರ ಹೋದಾಗ ಚಪ್ಪಲಿ ಬಿಚ್ಚಿ ಪಾದವನ್ನೂ ತೋರಿಸಿ. ಕಾಯಿಲೆ ಎಷ್ಟು ಚುರುಕಾಗಿದೆ ಅಂತ ಅಳೆಯಲು ಡಿಎಎಸ್28 ಅಂತ ಒಂದು ಸ್ಕೋರ್ ಹಾಕುತ್ತಾರಲ್ಲ, ಅದರಲ್ಲಿ ಎಣಿಸುವ 28 ಕೀಲುಗಳ ಪಟ್ಟಿಯಲ್ಲಿ ಪಾದ ಇಲ್ಲವೇ ಇಲ್ಲ. ಇಎಸ್‌ಆರ್, ಸಿಆರ್‌ಪಿ ಅನ್ನುವ ಉರಿಯೂತದ ರಕ್ತ ಪರೀಕ್ಷೆ ಸರಿ ಇದೆ ಅಂತಲೂ ನೆಮ್ಮದಿಯಾಗಿ ಕೂರಬೇಡಿ. ಕೆಲವರಿಗೆ ಕೀಲು ಊದಿದ್ದರೂ ಅವು ಏರುವುದಿಲ್ಲ.

ಮಣಿಕಟ್ಟಿಗೆ ನನಗೆ ದಾರಿ ತೋರಿಸಿದ್ದು ಆಕ್ಯುಪೇಶನಲ್ ಥೆರಪಿ, ಅಂದರೆ ದಿನದ ಕೆಲಸವನ್ನು ಕೀಲಿಗೆ ನೋವಾಗದಂತೆ ಮಾಡಲು ಕಲಿಸುವ ಚಿಕಿತ್ಸೆ. ರಾತ್ರಿ ಸ್ಪ್ಲಿಂಟ್ (ಮಣಿಕಟ್ಟು ಅಲುಗದಂತೆ ಹಿಡಿಯುವ ಪಟ್ಟಿ) ಹಾಕಿ ಮಲಗುತ್ತೇನೆ. ಮುದ್ದೆ ಬಿಟ್ಟಿಲ್ಲ, ನಮ್ಮ ಮನೆಯಲ್ಲಿ ಅದು ಆಗುವ ಮಾತೂ ಅಲ್ಲ. ಪಾತ್ರೆ ನೆಲಕ್ಕಿಳಿಸಿ, ಮಗನ ಕೈಗೆ ಇಕ್ಕಳ ಕೊಟ್ಟು ಹಿಡಿಸಿಕೊಳ್ಳುತ್ತೇನೆ. ಕೋಲಿನ ಹಿಡಿಗೆ ಹಳೇ ಟವಲ್ ಬಿಗಿಯಾಗಿ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಎರಡೂ ಕೈಯಲ್ಲಿ ಹಿಡಿದು, ಮಣಿಕಟ್ಟು ಮಡಚದೆ, ಭುಜದಿಂದ ತಿರುವುತ್ತೇನೆ. ಗಂಟಿಲ್ಲದ ಮುದ್ದೆ ಬರುತ್ತದೆ. ಉಂಡೆ ಕಟ್ಟುವುದು ಮಾತ್ರ ಮನೆಯವರ ಪಾಲು.

ಇಂಜೆಕ್ಷನ್ ಹತ್ತಿರ ಬಂದಾಗ ಬಿಗಿಯುವುದು ಬೇರೆ ವಿಷಯ. ಕೆಲವರ ದೇಹ ಔಷಧಿಯ ವಿರುದ್ಧವೇ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಆಗ ಔಷಧಿ ಬೇಗ ಕರಗುತ್ತದೆ, ಪರಿಣಾಮ ಇಳಿಯುತ್ತ ಬರುತ್ತದೆ. ಮೆಥೊಟ್ರೆಕ್ಸೇಟ್ ಜೊತೆಗೆ ಕೊಡುವ ಒಂದು ಕಾರಣವೇ ಇದು, ಆಂಟಿಬಾಡಿ ಆಗುವುದನ್ನು ಅದು ಕಡಿಮೆ ಮಾಡುತ್ತದೆ. ವಾಕರಿಕೆ ಅಂತ ಆ ವಾರದ ಮಾತ್ರೆ ನುಂಗದೆ ಬಿಡುವವರು ಜಾಸ್ತಿ. ನೀವೂ ಬಿಡುತ್ತಿದ್ದರೆ ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ವಾಕರಿಕೆಗೆ ಫೋಲಿಕ್ ಆಸಿಡ್ ಇದೆ, ಡೋಸ್ ಬದಲಿಸಬಹುದು, ಮೆಥೊಟ್ರೆಕ್ಸೇಟನ್ನೇ ಇಂಜೆಕ್ಷನ್ ಆಗಿಯೂ ಕೊಡುತ್ತಾರೆ. ಬಿಗಿತ ಯಾವ ದಿನ ಶುರುವಾಯಿತು, ಎಷ್ಟು ಹೊತ್ತು ಇತ್ತು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. "ಜಾಸ್ತಿ ನೋಯುತ್ತೆ ಡಾಕ್ಟ್ರೇ" ಅನ್ನುವುದಕ್ಕಿಂತ ಆ ಕ್ಯಾಲೆಂಡರ್ ತೋರಿಸಿದರೆ ಅವರಿಗೆ ಜಾಸ್ತಿ ಗೊತ್ತಾಗುತ್ತದೆ.

ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ರಾತ್ರಿ ನಿದ್ದೆ ಹೇಗಿದೆ ಅಂತಲೂ ಹೇಳಿ. ಮೈಯೆಲ್ಲ ನೋವು, ಸುಸ್ತು ತರುವ ಫೈಬ್ರೋಮಯಾಲ್ಜಿಯಾ ಅನ್ನುವುದು ಇದರ ಜೊತೆಗೇ ಕೆಲವರಿಗೆ ಬಂದಿರುತ್ತದೆ. ಅದಕ್ಕೆ ಬಯೋಲಾಜಿಕ್ ಮದ್ದಲ್ಲ.

ಮೂರು ತಿಂಗಳಲ್ಲಿ ಸುಧಾರಣೆ ಕಾಣಬೇಕು, ಆರು ತಿಂಗಳಲ್ಲಿ ಗುರಿ ಮುಟ್ಟಬೇಕು, ಇಲ್ಲದಿದ್ದರೆ ಚಿಕಿತ್ಸೆ ಬದಲಿಸಬೇಕು ಅನ್ನುವುದು ಕೀಲುರೋಗದ ಡಾಕ್ಟರುಗಳು ಒಪ್ಪಿಕೊಂಡ ಲೆಕ್ಕ. ಹಾಗಾಗಿ ನಿಮ್ಮ ಡಾಕ್ಟರ್ ಈಗ ಬದಲಿಸುವ ಮಾತು ತೆಗೆದದ್ದು ಸರಿಯಾಗೇ ಇದೆ. ಬದಲಿಸುವ ಮೊದಲು ಒಮ್ಮೆ ಸ್ಕ್ಯಾನ್ ಮಾಡಿ ನೋಡೋಣವಾ ಅಂತ ಕೇಳಿ, ಅಷ್ಟೇ.

ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವನು

ನನ್ನದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನಿನ ಕಥೆ. ನಿಮ್ಮ ಕಾಯಿಲೆ ಬೇರೆ, ಆದರೂ "ಅರ್ಧ ಗುಣ" ಅನ್ನುವ ಮಾತು ನನಗೂ ಹೊಂದುತ್ತದೆ. ಅಡಾಲಿಮುಮ್ಯಾಬ್ ಮೊದಲು ಅದ್ಭುತವಾಗಿ ಕೆಲಸ ಮಾಡಿತು. ಆಮೇಲೆ ನಿಧಾನವಾಗಿ ಕೈಕೊಟ್ಟಿತು. ಐಎಲ್-17 ಅನ್ನುವ ಇನ್ನೊಂದು ಉರಿಯೂತದ ಪ್ರೋಟೀನನ್ನು ತಡೆಯುವ ಸೆಕುಕಿನುಮ್ಯಾಬಿಗೆ ಬದಲಿಸಿದರು. ಬೆನ್ನು ಮತ್ತೆ ಸಡಿಲವಾಯಿತು. ಆದರೆ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದ ಸ್ಥಿತಿ ಬಂತು. ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಅವತ್ತೇ ನೋಡಿ ಡ್ರಾಪ್ಸ್ ಶುರು ಮಾಡಿದರು, ಉಳಿಯಿತು. ಆಮೇಲೆ ತಿಳಿದದ್ದು, ಕಣ್ಣಿನ ಈ ತೊಂದರೆ ತಡೆಯುವುದರಲ್ಲಿ ಅಡಾಲಿಮುಮ್ಯಾಬಿನದೇ ಮೇಲುಗೈ. ಕರುಳಿನ ಉರಿಯೂತ ಇರುವವರಿಗೂ ಐಎಲ್-17 ಔಷಧಿ ಆಗಿಬರುವುದಿಲ್ಲ. ಅಂದರೆ ಒಂದು ಕಡೆ ಗೆದ್ದ ಔಷಧಿ ಇನ್ನೊಂದು ಕಡೆ ಸೋಲಬಹುದು. ಬದಲಿಸುವಾಗ ಕೀಲಿನ ಜೊತೆ ಕಣ್ಣು, ಚರ್ಮ, ಹೊಟ್ಟೆ ಎಲ್ಲದರ ಚರಿತ್ರೆಯನ್ನೂ ಡಾಕ್ಟರ್ ಮುಂದಿಡಿ.

ಇನ್ನೊಂದು ಮಾತು. ನಮ್ಮಂಥ ಬೆನ್ನಿನವರಿಗೆ ಕೂತಷ್ಟೂ ಬಿಗಿತ, ಓಡಾಡಿದಷ್ಟೂ ಹಗುರ. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಬಂದ ಮೇಲೆ ಸಿಲ್ಕ್ ಬೋರ್ಡಿನಲ್ಲಿ ಕ್ಯಾಬಿನೊಳಗೆ ಕೊಳೆಯುವುದು ತಪ್ಪಿತು. ರೈಲಿನಲ್ಲಿ ನಿಂತೇ ಹೋಗುತ್ತೇನೆ. ನನ್ನ ಸೊಂಟಕ್ಕೆ ಬಿಎಂಆರ್‌ಸಿಎಲ್ ಮಾಡಿದ ಉಪಕಾರ ಸಣ್ಣದಲ್ಲ.

ಮಲ್ಲೇಶ್ವರದಿಂದ, ಅಮ್ಮನ ಪರವಾಗಿ

ದುಡ್ಡಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನೇ ಹೇಳುತ್ತೇನೆ.

ಅಡಾಲಿಮುಮ್ಯಾಬಿನ ಬಯೋಸಿಮಿಲರ್ (ಮೂಲ ಔಷಧಿಯಂತೆಯೇ ಬೇರೆ ಕಂಪನಿ ಮಾಡಿದ್ದು) ಪ್ರಪಂಚದಲ್ಲೇ ಮೊದಲು ಬಂದದ್ದು ನಮ್ಮ ದೇಶದಲ್ಲಿ, 2014ರಲ್ಲಿ, ಝೈಡಸ್ ಕಂಪನಿಯಿಂದ. ಈಗ ಹಲವು ಕಂಪನಿಗಳವು ಇವೆ, ಬೆಲೆಯಲ್ಲಿ ಸಾಕಷ್ಟು ಅಂತರ ಇದೆ. ಕಂಪನಿಗಳ ರೋಗಿ ಸಹಾಯ ಯೋಜನೆ ಇದ್ದರೆ ಕೇಳಿ. ಇಷ್ಟು ಕೊಂಡರೆ ಇಷ್ಟು ಉಚಿತ ಅನ್ನುವ ಥರ ಇರುತ್ತದೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಇನ್ಶೂರೆನ್ಸ್ ಕ್ಲೇಮ್ ಮಾಡಿದಾಗ ನಮಗೆ "ಇದು ಒಪಿಡಿ, ಬರುವುದಿಲ್ಲ" ಅಂತ ವಾಪಸ್ ಕಳಿಸಿದ್ದರು. ಐಆರ್‌ಡಿಎಐ (ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ) 2019ರಲ್ಲಿ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟು, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಅಂದಿದೆ. ಇಂಜೆಕ್ಷನ್ ಆಗಿ ಕೊಡುವ ಮೊನೋಕ್ಲೋನಲ್ ಆಂಟಿಬಾಡಿ ಆ ಪಟ್ಟಿಯಲ್ಲಿದೆ, ಅಡಾಲಿಮುಮ್ಯಾಬ್ ಅಂಥದ್ದೇ ಔಷಧಿ. ಆದರೆ ಇಷ್ಟೇ ಕೊಡುತ್ತೇವೆ ಅಂತ ಕಂಪನಿಗಳು ಮಿತಿ ಹಾಕಬಹುದು. ಮನೆಯಲ್ಲೇ ಚುಚ್ಚಿಕೊಂಡರೆ ಕ್ಲೇಮ್ ಸಿಗುವುದು ಕಷ್ಟ, ಆಸ್ಪತ್ರೆಯಲ್ಲಿ ಡೇಕೇರ್ ಆಗಿ (ದಾಖಲಾಗಿ ಅದೇ ದಿನ ಮನೆಗೆ ಬರುವ ಹಾಗೆ) ಹಾಕಿಸಿಕೊಂಡರೆ ದಾರಿ ಇದೆ. ಪಾಲಿಸಿಯ ಸಣ್ಣಕ್ಷರ ಓದಿ. ಈಗ ಹೊಸದಾಗಿ ಪಾಲಿಸಿ ಮಾಡಿಸುವವರು ಕಾಯಿಲೆ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಗರಿಷ್ಠ ಮೂರು ವರ್ಷ. ಮೊದಲು ನಾಲ್ಕಿತ್ತು.

ದುಡ್ಡಿಲ್ಲ ಅಂತ ಎರಡು ವಾರದ್ದನ್ನು ತಿಂಗಳಿಗೆ ಎಳೆಯುವವರನ್ನು ಕಂಡಿದ್ದೇನೆ. ಹಾಗೆ ನಮ್ಮಷ್ಟಕ್ಕೆ ಎಳೆದರೆ ಕಾಯಿಲೆ ತಿರುಗಿಬೀಳಬಹುದು, ಆಂಟಿಬಾಡಿ ಆಗುವುದಕ್ಕೂ ಅವಕಾಶ. ದುಡ್ಡಿಗೆ ಕಷ್ಟ ಇದೆ ಅಂತ ಡಾಕ್ಟರಿಗೇ ಹೇಳುವುದು ಮೇಲು.

ಯಲಹಂಕದಿಂದ

ನನಗೆ ಎರಡು ಬಯೋಲಾಜಿಕ್ ಹಿಡಿಸಲಿಲ್ಲ. ಈಗ ಟೋಫಾಸಿಟಿನಿಬ್ ಮಾತ್ರೆ. ಜೆನೆರಿಕ್ ಸಿಗುತ್ತದೆ, ಇಂಜೆಕ್ಷನ್‌ಗಿಂತ ಎಷ್ಟೋ ಅಗ್ಗ, ಫ್ರಿಜ್ ಬೇಡ. ಆದರೆ ಮಾತ್ರೆ ಅಂತ ಹಗುರವಾಗಿ ನೋಡಬೇಡಿ. ನನಗೆ ಸರ್ಪಸುತ್ತು ಬಂದು ಮಲಗಿಸಿತ್ತು. ವಯಸ್ಸಾದವರು, ಸಿಗರೇಟು ಸೇದುವವರು, ಹೃದಯದ ತೊಂದರೆ ಇರುವವರಿಗೆ ಈ ಜಾತಿಯ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹಾಗೇ, ಸಿಗರೇಟು ಸೇದಿದರೆ ಟಿಎನ್‌ಎಫ್ ಇಂಜೆಕ್ಷನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ನಮ್ಮ ಯಜಮಾನರಿಗೆ ಇದನ್ನು ಓದಿ ಹೇಳಬೇಕು.

ಕೇಳಿದವರು

ಎಲ್ಲರಿಗೂ ಧನ್ಯವಾದ. ವಾಕರಿಕೆ ಬಂದ ವಾರ ನಾನೂ ಮೆಥೊಟ್ರೆಕ್ಸೇಟ್ ಬಿಟ್ಟದ್ದುಂಟು, ಡಾಕ್ಟರಿಗೆ ಹೇಳುತ್ತೇನೆ. ಸ್ಕ್ಯಾನ್ ಬಗ್ಗೆಯೂ ಕೇಳುತ್ತೇನೆ. ಇನ್ನೊಂದು ಅನುಮಾನ. ಅತ್ತೆ ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಾರೆ. ಕುಡಿಯಬಹುದಾ? ಮಳೆಗಾಲ ಬೇರೆ. ಜ್ವರ ಬಂದರೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾ, ಬೇಡವಾ?

ಬಸವನಗುಡಿಯಿಂದ

ಕಷಾಯ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ಡಾಕ್ಟರುಗಳೇ 2021ರಲ್ಲಿ ವರದಿ ಮಾಡಿದ್ದಾರೆ. ಮೆಥೊಟ್ರೆಕ್ಸೇಟ್ ಆಗಲೇ ಲಿವರ್ ಮೇಲೆ ಭಾರ ಹಾಕುವ ಔಷಧಿ. "ಲಿವರ್ ಟೆಸ್ಟ್ ಏರುಪೇರಾದರೆ ಡಾಕ್ಟರ್ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರಂತೆ" ಅಂತ ಹೇಳಿ ನೋಡಿ, ಅತ್ತೆ ಒಪ್ಪಬಹುದು. ನಮ್ಮತ್ತೆ ಒಪ್ಪಿದ್ದರು.

ಜ್ವರ ಇದ್ದಾಗ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಆ ವಾರದ ಮೆಥೊಟ್ರೆಕ್ಸೇಟ್ ಬಗ್ಗೆಯೂ ಕೇಳಿ. ಡೆಂಗಿ ಕಾಲದಲ್ಲಿ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ಬಿಡದಿದ್ದರೆ, ಸಂಜೆ ಹೊತ್ತು ಸಣ್ಣ ಜ್ವರ ಬರುತ್ತಿದ್ದರೆ, ತೂಕ ಇಳಿದರೆ ಟಿಬಿ ನೋಡಿಸಲೇಬೇಕು. ಶುರುವಿನಲ್ಲಿ ಮಾಡಿಸಿದ ಟಿಬಿ ಪರೀಕ್ಷೆ ಸರಿ ಇತ್ತು ಅಂತ ಸುಮ್ನೆ ಇರಬೇಡಿ.

ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಬೇಡ, ಬಾಗಿಲಿನ ತಟ್ಟೆಯಲ್ಲೂ ಬೇಡ. ಮೆಡಿಕಲ್ ಶಾಪಿನಿಂದ ತರುವಾಗ ಐಸ್ ಪ್ಯಾಕ್ ಮೇಲೆ ನೇರವಾಗಿ ಇಡಬೇಡಿ, ನಡುವೆ ಒಂದು ಬಟ್ಟೆ ಇರಲಿ. ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವ ಹಾಗಿಲ್ಲ.