10 ಲಕ್ಷ ರೂಪಾಯಿ ಸಿಸಿ ರಸ್ತೆಗೋ, ಕೆರೆ ಕಾಲುವೆಗೋ? ಊರಿಗೆ ಕೆಲಸ ಯಾವುದರಿಂದ?

ಮಾವಿನತೋಪು (ಚಿಂತಾಮಣಿ ತಾ.)
ನಮ್ಮ ಗ್ರಾಮಸಭೆಯಲ್ಲಿ ವಾದ ನಡೀತಿದೆ. ಒಂದು ಗುಂಪಿಗೆ ಸಿಸಿ ರಸ್ತೆ ಬೇಕು, ಇನ್ನೊಂದಕ್ಕೆ ಕೆರೆಯ ಪೋಷಕ ಕಾಲುವೆ ಹೂಳು ತೆಗೆಸಿ ಹೊಲಗಳಿಗೆ ಬದು ಹಾಕಿಸಬೇಕು. ಮೂರನೆಯವರು "ಸರ್ಕಾರದ ದುಡ್ಡಿಂದ ಯಾವ ಕೆಲಸವೂ ಹುಟ್ಟಲ್ಲ, ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗುತ್ತೆ ಅಷ್ಟೆ" ಅಂತಾರೆ. ತಿಳಿದವರು ಲೆಕ್ಕ ಸಮೇತ ಹೇಳಿ.

ಎಂಬಿ_ಪುಸ್ತಕ
ಕೂಲಿ ಎಷ್ಟು, ಸಾಮಗ್ರಿ ಎಷ್ಟು ಅಂತ ಮೊದಲು ಬಿಡಿಸಿ ನೋಡಿ. ನರೇಗಾ (ಉದ್ಯೋಗ ಖಾತ್ರಿ) ನಿಯಮದಲ್ಲಿ ಕೂಲಿ-ಸಾಮಗ್ರಿ 60:40. 10 ಲಕ್ಷದ ಕಾಮಗಾರಿಯಲ್ಲಿ 6 ಲಕ್ಷ ಕೂಲಿ ಅಂದರೆ, ರಾಜ್ಯದ 2025-26ರ ದರ 370 ರೂ.ನಂತೆ ಸುಮಾರು 1,620 ಮಾನವ ದಿನ. 16 ಕುಟುಂಬಕ್ಕೆ ನೂರು ನೂರು ದಿನ ಸಿಕ್ಕ ಹಾಗೆ. ಬದು, ಕಾಲುವೆಯಂಥ ಬರೀ ಮಣ್ಣಿನ ಕೆಲಸದಲ್ಲಿ ಕೂಲಿ ಪಾಲು 60ಕ್ಕಿಂತಲೂ ಮೇಲಿರುತ್ತೆ.

ಅದೇ ದುಡ್ಡು ಟೆಂಡರ್ ಸಿಸಿ ರಸ್ತೆಗೆ ಹೋದರೆ ಒಂದೂವರೆ ಲಕ್ಷದಷ್ಟು ಜಿಎಸ್‌ಟಿಗೇ (18%) ಹೋಯಿತು. ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್, ಮಿಕ್ಸರ್ ಬಾಡಿಗೆ ಕಳೆದು ಕೂಲಿಗೆ ಐದನೇ ಒಂದು ಪಾಲು ಉಳಿಯಿತು ಅಂತ ಹಿಡಿಯಿರಿ. ಮೇಸ್ತ್ರಿ, ಆಳು ಸೇರಿ ಸರಾಸರಿ 700 ರೂ. ಆದರೆ 285 ದಿನ. ಆ ಆಳುಗಳು ನಿಮ್ಮೂರಿನವರೇ ಆಗಿರಬೇಕು ಅಂತಲೂ ಇಲ್ಲ.

ರಸ್ತೆ ಬೇಡ ಅಂತಲ್ಲ. ಟೊಮೆಟೊ ಗಾಡಿ ಮಳೆಯಲ್ಲಿ ಹೂತುಹೋಗುವ ದಾರಿ ಇದ್ದರೆ ಅದು ಮಾರುಕಟ್ಟೆಯ ಪ್ರಶ್ನೆ. ಬೀದಿ ಚೆಂದಕ್ಕೆ ಹಾಕುವ ಸಿಸಿ ಬೇರೆ.

ಲೆಕ್ಕಿಗ
"ಒಂದು ಜೇಬಿಂದ ಇನ್ನೊಂದಕ್ಕೆ" ಅನ್ನೋದು ಅರ್ಧ ನಿಜ. ಆಳು, ಯಂತ್ರ, ಬಂಡವಾಳ ಎಲ್ಲಾ ಆಗಲೇ ಪೂರ್ತಿ ದುಡಿಯುತ್ತಿದ್ದಾಗ ಸರ್ಕಾರ ಖರ್ಚು ಹೆಚ್ಚಿಸಿದರೆ ಖಾಸಗಿಯವರ ಆಳನ್ನೇ ಎಳೆದುಕೊಳ್ಳುತ್ತೆ, ಬೆಲೆ ಏರುತ್ತೆ. ಕೈಗಳು ಖಾಲಿ ಕೂತಾಗ ಹಾಗಾಗಲ್ಲ. ನಮ್ಮ ಕಡೆ ರಾಗಿ ಕೊಯ್ಲು, ಒಕ್ಕಣೆ ಮುಗಿದ ಮೇಲೆ ಮುಂಗಾರಿನವರೆಗೆ ಒಣಭೂಮಿಯಲ್ಲಿ ಕೆಲಸವೇ ಇರಲ್ಲ. ಆಗ ಕೊಟ್ಟ ಕೂಲಿ ನಿಜಕ್ಕೂ ಹೊಸ ಆದಾಯ. ಅದನ್ನೇ ಕೊಯ್ಲಿನ ವಾರ ಕೊಟ್ಟರೆ ರೈತನಿಗೆ ಆಳಿಲ್ಲದೆ ಬೈಗುಳ ಸಿಗುತ್ತೆ.

ಎನ್‌ಐಪಿಎಫ್‌ಪಿಯ (ಸಾರ್ವಜನಿಕ ಹಣಕಾಸಿನ ಸಂಶೋಧನಾ ಸಂಸ್ಥೆ) ಸುಕನ್ಯಾ ಬೋಸ್, ಭಾನುಮೂರ್ತಿ 2013ರಲ್ಲಿ ದೇಶಕ್ಕೆ ಮಾಡಿದ ಅಂದಾಜಿನಲ್ಲಿ ಸರ್ಕಾರದ ಒಂದು ರೂಪಾಯಿ ಬಂಡವಾಳ ವೆಚ್ಚದಿಂದ (ರಸ್ತೆಯಂಥ ಆಸ್ತಿ ಕಟ್ಟುವ ಖರ್ಚು) 2.45 ರೂ. ಉತ್ಪಾದನೆ, ಜನರ ಕೈಗೆ ಕೊಡುವ ನೇರ ವರ್ಗಾವಣೆಯಿಂದ 0.98. ಇದನ್ನು ಹಿಡಿದುಕೊಂಡು "ಗೃಹಲಕ್ಷ್ಮಿ ದಂಡ, ರಸ್ತೆಯೇ ಸರಿ" ಅನ್ನುವವರು ಒಂದು ಮರೀತಾರೆ: 2.45 ಇಡೀ ದೇಶದ್ದು. ಸಿಮೆಂಟು, ಕಬ್ಬಿಣ ಹೊರಗಿಂದ ತರಿಸುವ ತಾಲ್ಲೂಕಿಗೆ ಅದರ ಚೂರು ಮಾತ್ರ. ಮನೆಯಾಕೆಗೆ ಬಂದ 2,000 ರೂ. ಕಿರಾಣಿ ಅಂಗಡಿಗಾದರೂ ಇಳಿಯುತ್ತೆ. ಆದರೆ ಮರುವರ್ಷಕ್ಕೆ ಆಸ್ತಿ ಬಿಡಲ್ಲ, ಅದೂ ನಿಜ.

ಗಡಿನಾಡು (ಪಾವಗಡ)
ದೊಡ್ಡ ಮೊತ್ತ ಅಂದರೆ ಹೆಚ್ಚು ಕೆಲಸ ಅಲ್ಲ. ನಮ್ಮ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಫಲಕಗಳಲ್ಲಿ ಹಾಕಿದ್ದು ಬಹುಪಾಲು ಖಾಸಗಿ ಬಂಡವಾಳ, ಜಮೀನು ಕೂಡಿಸಿ ವಿದ್ಯುತ್ ಜಾಲ ಕಟ್ಟಿದ್ದು ಸರ್ಕಾರ. ಜಮೀನಿನವರಿಗೆ ಎಕರೆಗೆ ವರ್ಷಕ್ಕೆ 21,000 ರೂ.ನಿಂದ ಶುರುವಾದ ಬಾಡಿಗೆ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಕಟ್ಟುವಾಗ ಆಳು ಬೇಕಿತ್ತು. ಈಗ ಫಲಕ ತೊಳೆಯೋದು, ಹುಲ್ಲು ಕೀಳೋದು, ಕಾವಲು. ಜಮೀನಿಲ್ಲದ ಕೂಲಿಯವನಿಗೆ ಬಾಡಿಗೆಯೂ ಇಲ್ಲ, ಕಳೆ ಕೀಳಲು ಹೊಲವೂ ಇಲ್ಲ.

ಕೋಡಿಹರಿದ_ಕೆರೆ (ಕೋಲಾರ)
ಇದರ ಉಲ್ಟಾ ಕೆ.ಸಿ. ವ್ಯಾಲಿ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕಡೆಯ ಕೆರೆ ತುಂಬಿಸುವ ಯೋಜನೆ. ಪಂಪು, ಪೈಪು, ಯಂತ್ರಗಳ ಯೋಜನೆ, ನಡೆಸುವುದಕ್ಕೆ ಜನ ಕಡಿಮೆ ಸಾಕು. ಆದರೆ 2018ರಿಂದ ನೀರು ಬಂದ ಕೆರೆಗಳ ಸುತ್ತ ಬೋರ್‌ವೆಲ್ ಮತ್ತೆ ಹಿಡಿದ ಕಡೆ ತರಕಾರಿ ಬಂತು, ಬಿಡಿಸುವ ಆಳಿಗೆ ಕೆಲಸ ಬಂತು. (ಮೂರನೇ ಹಂತದ ಶುದ್ಧೀಕರಣ ಇಲ್ಲ ಅನ್ನುವ ಜಗಳ ಬೇರೆ, ಅದು ಸಣ್ಣದಲ್ಲ.) ಹಾಗಾಗಿ ಕಟ್ಟುವಾಗ ಎಷ್ಟು ದಿನದ ಕೂಲಿ ಅನ್ನುವುದರ ಜೊತೆ, ಕಟ್ಟಿದ ಮೇಲೆ ಯಾರು ಏನು ಬೆಳೀತಾರೆ ಅಂತಲೂ ಕೇಳಿ. ನಿಮ್ಮ ಪೋಷಕ ಕಾಲುವೆ ಎರಡಕ್ಕೂ ಉತ್ತರ ಕೊಡುತ್ತೆ, ಮೇಲಿನ ಒತ್ತುವರಿ ತೆರವಾದರೆ ಮಾತ್ರ. ಒತ್ತುವರಿ ಬಿಟ್ಟು ಕೆಳಗೆ ಹೂಳು ತೆಗೆಯೋದು ದುಡ್ಡನ್ನು ಮಣ್ಣಿಗೆ ಹಾಕಿದಂತೆ.

ಮಾವಿನತೋಪು
ಸರಿ, ಕಾಲುವೆ ಅಂತಲೇ ಇಟ್ಟುಕೊಳ್ಳೋಣ. ಎಲ್ಲಿ ಕೆಡುತ್ತೆ?

ಎಂಬಿ_ಪುಸ್ತಕ
ಮೂರು ಕಡೆ. ಒಂದು, ಎಸ್ಟಿಮೇಟಿನಲ್ಲಿ ಮೆದು ಮಣ್ಣು ಅಂತ ಬರೆದು ನೆಲ ಗಟ್ಟಿ ಇದ್ದರೆ ಅಗೆದ ಅಳತೆಗೆ ತಕ್ಕ ಕೂಲಿ 370 ಮುಟ್ಟಲ್ಲ, ಜನ ವಾರಕ್ಕೇ ಬಿಡ್ತಾರೆ. ಕೆಲಸಕ್ಕೆ ಮುಂಚೆ ಇಂಜಿನಿಯರನ್ನು ಸ್ಥಳಕ್ಕೆ ಕರೆಸಿ ಮಣ್ಣಿನ ವರ್ಗ, ಲೀಡು (ಮಣ್ಣು ಸಾಗಿಸುವ ದೂರ), ಲಿಫ್ಟು (ಎತ್ತುವ ಎತ್ತರ) ಬರೆಸಿ. ಎರಡು, ರಾತ್ರಿ ಜೆಸಿಬಿ, ಹಗಲು ಎನ್‌ಎಂಆರ್‌ನಲ್ಲಿ (ಕೂಲಿ ಹಾಜರಿ ಪಟ್ಟಿ) ಹೆಸರು. ಅಲ್ಲಿ ಕೂಲಿ ಪಾಲು ಸೊನ್ನೆ, ಮೇಲಿನ ಗಣಿತವೆಲ್ಲ ಸುಳ್ಳು. ಮೂರು, ಬಾಯಿಮಾತಿನ ಬೇಡಿಕೆ. ನಮೂನೆ 6 (ಕೆಲಸ ಕೇಳುವ ಅರ್ಜಿ) ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಇಸಿದುಕೊಳ್ಳಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಅದೇ ಆಧಾರ.

ಲೆಕ್ಕಿಗ
ಒಂದು ಸೇರಿಸ್ತೀನಿ. ಮೇಲಿನದೆಲ್ಲ ನರೇಗಾ ಕಾಯ್ದೆಯ ಲೆಕ್ಕ. ಅದರ ಜಾಗಕ್ಕೆ ಅಂತ ಡಿಸೆಂಬರ್ 2025ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 125 ದಿನದ ಕೆಲಸ, ಬಿತ್ತನೆ-ಕೊಯ್ಲಿನ ಕಾಲಕ್ಕೆ 60 ದಿನ ಬಿಡುವು, ವೆಚ್ಚದಲ್ಲಿ ರಾಜ್ಯದ ಪಾಲು 40%. ಮುಂಚೆ ಕೂಲಿ ಪೂರ್ತಿ ಕೇಂದ್ರದ್ದಾಗಿತ್ತು. ವಿತ್ತೀಯ ಕೊರತೆ (ಆದಾಯ ಮೀರಿ ಮಾಡುವ ಖರ್ಚು) ರಾಜ್ಯದ ಒಟ್ಟು ಉತ್ಪನ್ನದ 3% ಮೀರಬಾರದು ಅನ್ನುವ ಕಟ್ಟು ರಾಜ್ಯಕ್ಕಿದೆ, ಆ ಪಾಲನ್ನು ಬೇರೆ ಯಾವುದೋ ಕಾಮಗಾರಿಯಿಂದ ಕಡಿದು ತರಬೇಕಾಗಬಹುದು. ಕ್ರಿಯಾ ಯೋಜನೆಗೆ ಹಾಕುವ ಮುಂಚೆ ಈಗ ಯಾವ ನಿಯಮ, ಯಾವ ದರ ನಡೀತಿದೆ ಅಂತ ಪಿಡಿಒ ಹತ್ತಿರ ಬರವಣಿಗೆಯಲ್ಲಿ ಕೇಳಿ.