ಸಹಾಯ ಬೇಕು: ಅಮ್ಮನ ಕೈಕಾಲು ಜುಮ್ಮೆನ್ನುತ್ತಿದೆ
ನಾವು ಬದಿಯಡ್ಕದ ಹತ್ತಿರದವರು. ಅಮ್ಮನಿಗೆ 62 ವರ್ಷ. ಶುಗರ್‌ಗೆ 11 ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಾರೆ. ಮೂರು ತಿಂಗಳಿಂದ ಎರಡೂ ಪಾದ ಜುಮ್ಮೆನ್ನುತ್ತದೆ, ಇರುವೆ ಹರಿದ ಹಾಗೆ. ಮೊನ್ನೆ ಒಂದು ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಬಾವಿಕಟ್ಟೆವರೆಗೆ ನಡೆದಿದ್ದಾರೆ!

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು. ಕೊಡವಿದರೆ ಸರಿಯಾಗುತ್ತದೆ. ಅಡಿಕೆ ಸುಲಿದ ದಿನ ಜಾಸ್ತಿ. ಇದು ಮಣಿಕಟ್ಟಿನಲ್ಲಿ ನರ ಒತ್ತಿ ಆಗುವುದಿರಬೇಕು, ಅಲ್ವಾ?

ಪಾದದ್ದು ಶುಗರ್‌ನಿಂದಲೋ, ವಿಟಮಿನ್ ಬಿ12 ಕಡಿಮೆಯಾಗಿಯೋ? ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡರೆ ಬಿ12 ಇಳಿಯಬಹುದು, ನಾವು ಸಸ್ಯಾಹಾರಿಗಳು ಬೇರೆ. ಇಲ್ಲಿಯ ಡಾಕ್ಟರು "ವಯಸ್ಸಾಯ್ತಲ್ವಾ" ಅಂದು ಕಳಿಸಿದರು. ಮಂಗಳೂರಿಗೆ ಹೋಗುವ ಮೊದಲು ಯಾವ ಟೆಸ್ಟ್ ಮಾಡಿಸಿಡಲಿ? ಥೈರಾಯ್ಡ್ ಕೂಡ ಬೇಕಾ? ಅನುಭವ ಇದ್ದವರು ಹೇಳಿ. ಬಿಸಿನೀರಲ್ಲಿ ಕಾಲಿಡಲು ಮಾತ್ರ ಹೇಳಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.